ಹದಿನೇಳನೇ ಕೋಣೆಯ ಎಂಬತ್ತು

ಯಾದವಗಿರಿಯ ಮಹಡಿ ಆಫೀಸಿನಲ್ಲಿ ಕೂತು
ಪ್ರತಿ ಫೆಬ್ರವರಿ ಬರುವ ವರ್ಷಕ್ಕೆ ಬಣ್ಣ ತುಂಬುತ್ತೇನೆ.
ಕೆಂಪು ಅಂದರೆ ದಸರಾ, ಬೇಸಿಗೆ ರಜೆ, ಡಿಸೆಂಬರಿನ ಕಡೇ ವಾರ.
ಹಳದಿಗೆ, ಸೋಮವಾರಕ್ಕೆ ಅಂಟಿಕೊಂಡು ಬಂದ ಯಾವ ಹಬ್ಬವಾದರೂ ಸರಿ;
ಯಾರ ದೇವರು ಅಂತ ಕೇಳುವವನಲ್ಲ ನಾನು.
ಮಿಕ್ಕಿದ್ದು ನೀಲಿ.
ಆಷಾಢ ನೀಲಿ, ಅದರ ಶುಕ್ರವಾರಗಳನ್ನು ಬಿಟ್ಟು
(ಬೆಟ್ಟ ಹತ್ತಿ ಇಳಿದವರಿಗೂ ಹಾಸಿಗೆ ಬೇಕಲ್ಲ).

ಕೋಣೆಗಳು ಇರುವುದು ಊರಾಚೆ, ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ದಂಡೆಗೆ.
ನೀರು ಕಾಣುವ ಕಿಟಕಿಗೆ ಮೂವತ್ತು ಪಾಯಿಂಟು ಜಾಸ್ತಿ.
ಮೇ ತಿಂಗಳಲ್ಲಿ ನೀರು ಮುಕ್ಕಾಲು ಮೈಲಿ ಹಿಂದಕ್ಕೆ ಹೋಗಿ
ಬಿರಿದ ಕೆಸರಿನ ಮೇಲೆ ಎಮ್ಮೆ, ಟೆನಿಸ್ ಬಾಲಿನ ಕ್ರಿಕೆಟ್ಟು.
ಆಗಲೂ ಮೂವತ್ತೇ.
ನಾವು ಮಾರುವುದು ನೀರನ್ನಲ್ಲ, ನೀರಿನ ದಿಕ್ಕನ್ನು.

ಮಹಾಲಯ ಅಮಾವಾಸ್ಯೆಯ ರಾತ್ರಿ ಎಂಬತ್ತು.
ಮಾರನೇ ದಿನ ಪಾಡ್ಯ: ಇನ್ನೂರ ನಲವತ್ತು.
ಅದೇ ಮಂಚ, ಅದೇ ದಿಂಬು,
ಬಚ್ಚಲಲ್ಲಿ ತೊಟ್ಟಿಕ್ಕುವ ಅದೇ ನಲ್ಲಿ.
ಪಕ್ಷದ ಹದಿನೈದು ದಿನ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ,
ಕಟ್ಟೆ ಕತ್ತಿನ ತನಕ ತುಂಬಿದ್ದರೂ.
ಸತ್ತವರ ಕಾಲ ನಮ್ಮ ಪಟ್ಟಿಯಲ್ಲಿ ಬಲು ಅಗ್ಗ.

ಮಂಡ್ಯದ ಗುತ್ತಲು ರಸ್ತೆಯ ಲಿಂಗಾಜಮ್ಮ ಮಾತ್ರ ಬರುತ್ತಾರೆ.
ಗಂಡ ಹಲಗೇಗೌಡರು ಕಾರ್ಖಾನೆಯಲ್ಲಿ ಕಬ್ಬಿನ ಲಾರಿ ತೂಗುತ್ತಿದ್ದವರು,
ಒಂದು ಭಾನುವಾರ ಬಿಟ್ಟಿ ಕುಕ್ಕರಿನ ಆಸೆಗೆ ಹೋಟೆಲಿನ ಮೀಟಿಂಗಿಗೆ ಹೋಗಿ
ಇಪ್ಪತ್ತೈದು ವರ್ಷಕ್ಕೆ ರುಜು ಹಾಕಿ ಬಂದರು.
ಎರಡು ವರ್ಷ ಜೊತೆಗೆ ಬಂದರು. ಮೂರನೆಯದಕ್ಕೆ ಅವರಿರಲಿಲ್ಲ.
ಪಾಯಿಂಟುಗಳಿಗೆ ಅದು ಗೊತ್ತಾಗಲಿಲ್ಲ:
ಏಪ್ರಿಲ್ ಒಂದಕ್ಕೆ ನೂರ ಅರವತ್ತು, ತಪ್ಪದೆ, ಅವರ ಹೆಸರಿಗೆ.
ಎಂಬತ್ತರಂತೆ ಎರಡು ರಾತ್ರಿ.
ಒಂದು ಕಾಯುವುದಕ್ಕೆ, ಒಂದು ಬಡಿಸುವುದಕ್ಕೆ.

ಹೊರಗಿನ ಊಟ ತರುವಂತಿಲ್ಲ ಅಂತ ಬಾಗಿಲ ಹಿಂದೆ ಬೋರ್ಡಿದೆ.
ಹಾಸಿಗೆ ಬದಲಿಸುವ ಚಿಕ್ಕತಾಯಿ ಹೇಳಿದಳು:
"ಯೋಳ್ಬಾರ್ದು ಸಾ, ಆದ್ರೂ ಯೋಳ್ತೀನಿ. ಬಾಳೆಲೆ ಮ್ಯಾಲೆ ಬಾಡು, ಮುದ್ದೆ,
ಒಂದ್ ಕ್ವಾಟ್ರು, ಒಂದ್ ಕಟ್ಟು ಬೀಡಿ. ಕಿಟ್ಕಿ ಪೂರಾ ತೆಗ್ದು ಮಡಗಿದ್ರು.
ನಾನು ನೋಡ್ನಿಲ್ಲ ಅಂದ್ಕಳಿ."
ನಾನು ಕೇಳಿಸಿಕೊಳ್ಳಲಿಲ್ಲ ಅಂದುಕೊಂಡೆ.

ಈ ಫೆಬ್ರವರಿ ಕಂಪ್ಯೂಟರು ಒಂದು ಸಾಲನ್ನು ಮಿನುಗಿಸಿತು:
ಕೋಣೆ ಹದಿನೇಳು, ಮಹಾಲಯದ ಎರಡು ರಾತ್ರಿ,
ಒಂಬತ್ತು ವರ್ಷದಲ್ಲಿ ಒಮ್ಮೆಯೂ ಖಾಲಿ ಇಲ್ಲ.
ಮೇಲಿನವರ ಟಿಪ್ಪಣಿ ಬಂತು. ಬೇಡಿಕೆ ಇದೆ. ಹತ್ತು ಏರಿಸಿ.

ತೊಂಬತ್ತಾದರೆ ನೂರ ಅರವತ್ತಕ್ಕೆ ಒಂದೇ ರಾತ್ರಿ.
ಕಾಯುವುದೋ, ಬಡಿಸುವುದೋ.
ಉಳಿದ ಎಪ್ಪತ್ತು ಯಾವುದಕ್ಕೂ ಸಾಲದ ಚಿಲ್ಲರೆ.

ಏರಿಸಿದೆ. ಹೇಳಿದ ಮೇಲೆ ಏರಿಸಬೇಕು.
ಆಮೇಲೆ ನೋಟದ ಕಾಲಮಿಗೆ ಹೋಗಿ ಹದಿನೇಳರ ಎದುರು ಬರೆದೆ:
ಮಹಾಲಯದ ಸುಮಾರಿಗೆ ಎಲೆ ದಟ್ಟ, ನೀರಿಗೆ ಮರ ಅಡ್ಡ, ಹತ್ತು ಕಡಿತ.
ವರ್ಷದ ಒಟ್ಟು ಮೊತ್ತ ಕದಲಬಾರದು ಅಂತ ಕರಾರಿದೆ;
ಏರಿದ್ದೂ ಇಳಿದದ್ದೂ ಒಂದೇ ಚೌಕದೊಳಗೆ.
ಕದಲಲಿಲ್ಲ.

ಅಲ್ಲಿರುವುದು ಮೊಣಕಾಲೆತ್ತರದ ಒಂದು ಹೊಂಗೆ ಸಸಿ.
ಮಾಲಿ ಇನಾಯತ್‌ಗೆ ಫೋನ್ ಮಾಡಿದೆ:
ಗೊಬ್ಬರ ಹಾಕಪ್ಪ, ದಿನಾ ಎರಡು ಬಿಂದಿಗೆ ನೀರು.
"ಎಷ್ಟೆತ್ತರ ಬರಬೇಕು ಸಾರ್?"
ಆಡಿಟ್ಟಿನವರು ಸೆಪ್ಟೆಂಬರಿಗೆ ಬರುತ್ತಾರೆ.
ಕಿಟಕಿಯ ಕೆಳಗಿನ ಸರಳು ಮುಟ್ಟಿದರೆ ಸಾಕು ಅಂದೆ.